“ಊಟ ಆತು” ಎಂಬ ಉತ್ತರ

ಈ ಬರಹದಲ್ಲಿ ಎಲ್ಲಿಯಾದರೂ ವಾಕ್ಯ ತೊಡರಿದ್ದರೆ, ಪದವೊಂದು ತನ್ನದಲ್ಲದ ಜಾಗದಲ್ಲಿ ಕುಳಿತಿದ್ದರೆ, ಓದುಗರು ಅದನ್ನು ಅಲಕ್ಷ್ಯವೆಂದು ಭಾವಿಸಬಾರದೆಂದು ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರೆದದ್ದನ್ನು ತೋರಿಸಿ ಸರಿಯೋ ತಪ್ಪೋ ಎಂದು ಕೇಳಲು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಈಗಲೂ ಇಲ್ಲ. ಹೀಗಾಗಿ ಇದನ್ನು ಬರೆದವಳೂ ಅನುಮಾನಿಸಿದವಳೂ ತಿದ್ದಿದವಳೂ ನಾನೊಬ್ಬಳೇ. ಇನ್ನೂ ಉಳಿದಿರಬಹುದಾದ ದೋಷಗಳಿಗೆ ಕ್ಷಮೆಯಿರಲಿ.

ಪುಣೆಯ ಕಾತ್ರಜದಲ್ಲಿ, ಹೆದ್ದಾರಿಗೆ ಹತ್ತಿರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನನ್ನ ಬಾಡಿಗೆ ಕೋಣೆಯಿದೆ. ಅಡುಗೆ ಕಟ್ಟೆಯ ಮೇಲಿನ ಕಿಟಕಿಯಿಂದ ಸಾತಾರದ ಕಡೆಗೆ ಹೋಗುವ ಬಸ್ಸುಗಳು ಕಾಣಿಸುತ್ತವೆ. ಚಹಾ ಕುದಿಯುವವರೆಗೆ ಅವುಗಳ ಹಣೆಯ ಮೇಲಿನ ಕನ್ನಡ ಅಕ್ಷರಗಳನ್ನು ಓದುವುದು ನನ್ನ ರೂಢಿ. ಬೆಳಗಾವಿ ಎಂದು ಬರೆದ ಬಸ್ಸು ಕಂಡರೆ, ಅದರಲ್ಲಿ ನನ್ನ ಪರಿಚಯದವರು ಯಾರೂ ಇಲ್ಲವೆಂದು ತಿಳಿದಿದ್ದರೂ, ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತೇನೆ. ಆಗ ಚಹಾ ಉಕ್ಕುತ್ತದೆ.

ನಾನು ಯಾವ ಕಚೇರಿಯಲ್ಲೂ ನೌಕರಿ ಮಾಡುವುದಿಲ್ಲ. ವೀಡಿಯೊಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಬರೆದುಕೊಡುವುದು ನನ್ನ ವೃತ್ತಿ. ಇಂದು ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರ ಕಾರ್ಮಿಕರಿಗೆ ಭಾರ ಎತ್ತುವ ಕ್ರಮ ಕಲಿಸುವ ವೀಡಿಯೊ ಬಂದರೆ, ನಾಳೆ ಮರಾಠಿಯ ಅಡುಗೆ ಕಾರ್ಯಕ್ರಮ ಬರುತ್ತದೆ. ಕೆಲಸ ಕೊಡುವವರು ಕಡತ ಕಳಿಸುತ್ತಾರೆ, ನಾನು ಮುಗಿಸಿ ಮರಳಿಸುತ್ತೇನೆ, ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಹೆಡ್‌ಫೋನಿನೊಳಗೆ ಮನುಷ್ಯರು ಮಾತನಾಡುತ್ತಲೇ ಇರುತ್ತಾರೆ. ಅವರಲ್ಲಿ ಒಬ್ಬರೂ ನನ್ನೊಡನೆ ಮಾತನಾಡುತ್ತಿರುವುದಿಲ್ಲ.

ಹಾಗೆಂದು ನನಗೆ ಗೆಳತಿಯರೇ ಇರಲಿಲ್ಲವೆಂದರೆ ತಪ್ಪಾದೀತು. ಇದೇ ಕೆಲಸ ಮಾಡುವ ಇಬ್ಬರು ಅಂತರ್ಜಾಲದ ಒಂದು ಗುಂಪಿನಲ್ಲಿ ಪರಿಚಯವಾಗಿದ್ದರು. ಒಬ್ಬಳು ಮೈಸೂರಿನಲ್ಲಿದ್ದಳು. ಇನ್ನೊಬ್ಬಳು ವಿಜಯಪುರದ ಕಡೆಯವಳು, ಇರುವುದು ಮಾತ್ರ ಪುಣೆಯ ಹಿಂಜವಾಡಿಯಲ್ಲಿ. ನಾವು ಮೂವರೂ ದಿನವೂ ವೀಡಿಯೊ ಕರೆಯಲ್ಲಿ ಸೇರಿ, ಮೈಕನ್ನು ಬಂದ್ ಮಾಡಿ, ಮಾತಿಲ್ಲದೆ ಅವರವರ ಕೆಲಸ ಮಾಡಿಕೊಳ್ಳುತ್ತಿದ್ದೆವು. ಒಬ್ಬಳೇ ಕುಳಿತರೆ ಕೆಲಸದಿಂದ ಮನಸ್ಸು ಜಾರುತ್ತದೆ. ಎದುರಿಗೆ ಇನ್ನೊಬ್ಬರು ತಲೆ ತಗ್ಗಿಸಿ ಕುಳಿತಿರುವುದು ಕಂಡರೆ ಅದು ಹೇಗೋ ಹಿಡಿತಕ್ಕೆ ಬರುತ್ತದೆ. ಮೈಸೂರಿನವಳ ಬೆನ್ನ ಹಿಂದೆ ಹಳದಿ ಪರದೆಯಿತ್ತು. ಹಿಂಜವಾಡಿಯವಳು ಯೋಚಿಸುವಾಗ ಜಡೆಯ ತುದಿಯನ್ನು ಕಚ್ಚುತ್ತಿದ್ದಳು. ಅವರ ಎತ್ತರ ಎಷ್ಟೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಅವರು ಎದ್ದು ನಿಂತಾಗ ತಲೆ ಚೌಕಟ್ಟಿನಿಂದ ಹೊರಗೆ ಹೋಗಿಬಿಡುತ್ತಿತ್ತು.

ಹಿಂಜವಾಡಿಯವಳೂ ನಾನೂ ಒಂದೇ ಊರಿನಲ್ಲಿದ್ದರೂ ಎಂದೂ ಭೇಟಿಯಾಗಲಿಲ್ಲ. “ಬರ್ರಿ ಒಮ್ಮೆ, ಜೋಳದ ರೊಟ್ಟಿ ಮಾಡ್ತೀನಿ,” ಎಂದು ಅವಳು ಕರೆದಳು. “ಮೊದಲು ನೀವು ಬರ್ರಿ,” ಎಂದು ನಾನೂ ಕರೆದೆ. “ಈ ಟ್ರಾಫಿಕ್‌ನ್ಯಾಗ ಕಾತ್ರಜಕ್ಕ ಬರೂದಕಿಂತ ವಿಜಯಪುರಕ್ಕ ಹೋಗೂದು ಹಗುರ ಅದ ರೀ,” ಎಂದು ಅವಳು ನಕ್ಕಳು. ನಾವು ನಕ್ಕು ನಕ್ಕೇ ಭೇಟಿಯನ್ನು ಮುಂದೂಡುತ್ತ ಬಂದೆವು. ಒಂದು ಸೋಮವಾರ ಪರದೆಯ ಮೇಲೆ ಅವಳ ಚೌಕ ತೆರೆದುಕೊಳ್ಳಲಿಲ್ಲ. ಮಧ್ಯಾಹ್ನ ಸಂದೇಶ ಬಂತು: “ಕಂಪನ್ಯಾಗ ನೌಕರಿ ಸಿಕ್ಕದ. ಇನ್ನ ಕೂಡೂದು ಆಗಂಗಿಲ್ಲ. ಭಾಳ ನೆನಪಾಗ್ತೀರಿ.” ನಾನು ಅಭಿನಂದನೆಯ ಒಂದು ವಾಕ್ಯವನ್ನು ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ. ಪರದೆಯ ಮೇಲೆ ಉಳಿದ ಎರಡು ಚೌಕಗಳು ತಾವಾಗಿಯೇ ದೊಡ್ಡವಾಗಿ ಖಾಲಿ ಜಾಗವನ್ನು ತುಂಬಿಕೊಂಡವು.

ಅವ್ವನ ಮಾತು ಕಡಿಮೆಯಾಗುತ್ತಿದೆಯೆಂದು ನನಗೆ ಸ್ಪಷ್ಟವಾದದ್ದು ಅದೇ ದಿನಗಳಲ್ಲಿ.

ನನ್ನ ಊರು ಬೈಲಹೊಂಗಲ. ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಶಾಲೆ ಬಿಟ್ಟು ಗಿರಣಿಗೆ ನಿಂತ. ಅವ್ವ ಅದಕ್ಕೂ ಮೊದಲಿನಿಂದಲೇ, ನನಗೆ ನೆನಪಿರುವಷ್ಟು ಕಾಲದಿಂದಲೂ, ಕಾಳು ಸುರಿಯುವ ಬಾಯಿಯ ಪಕ್ಕದಲ್ಲಿ ನಿಂತವಳು. ಗೋಡೆಯಾಚೆ ಯಂತ್ರ ಓಡುವಾಗ ಈಚೆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತನಾಡಬೇಕು. ಯಂತ್ರ ನಿಂತ ಮೇಲೂ ಆ ಅಭ್ಯಾಸ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಪ್ರೀತಿಯ ಮಾತೂ ಜಗಳದಂತೆ ಕೇಳಿಸುತ್ತದೆ.

ಪುಣೆಗೆ ಬಂದ ಹೊಸದರಲ್ಲಿ ನಾನು ಹಾಗೆಯೇ ಫೋನಿನಲ್ಲಿ ಮಾತನಾಡುತ್ತಿದ್ದಾಗ ಮನೆಯೊಡತಿ ಗಾಬರಿಯಿಂದ ಬಾಗಿಲು ಬಡಿದು ಮರಾಠಿಯಲ್ಲಿ, “ಅಹೋ, ಹಳೂ ಬೋಲಾ ನಾ!” ಎಂದಿದ್ದರು. ಮೆಲ್ಲಗೆ ಮಾತನಾಡಿ ಎಂದರ್ಥ. ಅಂದಿನಿಂದ ನಾನು ದನಿಯನ್ನು ತಗ್ಗಿಸಿದೆ, ಪದಗಳನ್ನು ಬಿಡಿಸಿ ಉಚ್ಚರಿಸಲು ಕಲಿತೆ. ಕೆಲಸ ಕೊಡುವವರೊಡನೆ ಮಾತನಾಡುವಾಗ ಅದು ಉಪಯೋಗಕ್ಕೂ ಬಂತು. ಕ್ರಮೇಣ ಮನೆಗೆ ಮಾತನಾಡುವಾಗಲೂ ಅದೇ ದನಿ ಉಳಿಯಿತು.

ಮನೆಯ ಕರೆಗೆ ಒಂದು ಪದ್ಧತಿಯಿತ್ತು. ಫೋನು ಅಣ್ಣನದು. ಸದಾ ಗಿರಣಿಯಲ್ಲಿರುವ ಆ ಫೋನಿನ ಕ್ಯಾಮೆರಾದ ಮೇಲೆ ಹಿಟ್ಟು ಕೂತು ಏನೂ ಕಾಣುತ್ತಿರಲಿಲ್ಲ, ಆದ್ದರಿಂದ ಬರಿಯ ದನಿಯ ಕರೆಯೇ. ಸಂಜೆ ಗಿರಣಿ ನಿಂತ ಮೇಲೆ ಮೊದಲು ಅಣ್ಣ, ಆಮೇಲೆ ಅವನ ಹೆಂಡತಿ, ಅಂದರೆ ನನ್ನ ವೈನಿ, ಕೊನೆಗೆ ಅವ್ವ. ನಾನು ಕೇಳುವ ಪ್ರಶ್ನೆಗಳೂ ಅವುಗಳ ಸರದಿಯೂ ನಿಗದಿಯಾಗಿದ್ದವು: ಆರಾಮ ಇದ್ದೀಯೇನು, ಊಟ ಆತೇನು, ಮಳಿ ಆತೇನು. ಮಳೆ ಇಲ್ಲದ ತಿಂಗಳಲ್ಲಿ ಬಿಸಿಲು. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಕೇಳದೆ ಬೇರೆ ಮಾತಿಗೆ ಹೋಗುವುದು ಮರ್ಯಾದೆಯಲ್ಲ.

ಮೊದಲೆಲ್ಲ ಈ ಮೂರು ಪ್ರಶ್ನೆಗಳಾದ ಮೇಲೆ ಅವ್ವನ ನಿಜವಾದ ಮಾತು ಶುರುವಾಗುತ್ತಿತ್ತು. ಯಾರು ಕಲ್ಲು ಆರಿಸದ ಗೋಧಿ ತಂದು ಕೊಟ್ಟರು, ಯಾರ ಸೊಸೆ ಯಾರೊಡನೆ ಮುನಿಸಿಕೊಂಡಳು, ಎಲ್ಲವೂ. ಈಗ ಮೂರು ಉತ್ತರಗಳ ಬೆನ್ನಿಗೇ, “ಆತು ಹಂಗಾರ, ಇಡ್ತೀನಿ,” ಎಂದುಬಿಡುತ್ತಿದ್ದಳು. ನಾನು ಇನ್ನೇನೋ ಹೇಳುತ್ತಿರುವಾಗಲೇ ಫೋನು ವೈನಿಯ ಕೈಗೆ ಹೋಗಿರುತ್ತಿತ್ತು.

“ವೈನಿ, ಅವ್ವ ಯಾಕ ಹಿಂಗ ಮಾಡ್ತಾಳ? ಸಿಟ್ಟ ಬಂದೈತೇನು ನನ್ನ ಮ್ಯಾಲ?” ಎಂದು ಒಮ್ಮೆ ಕೇಳಿದೆ.

“ನನಗೇನ ಗೊತ್ತ್ರಿ ನಾದಿನಿಯವ್ರ,” ಎಂದು ವೈನಿ ಚೇಷ್ಟೆ ಮಾಡಿದಳು. “ಹೋದ ವರ್ಷ ಬಂದ ವರನ್ನ ಒಲ್ಲೆ ಅಂದ್ರಿ. ದಸರಾಕ್ಕ ಬರ್ತೀನಂದ್ರಿ, ಬರಲಿಲ್ಲ. ಈಗ ಸಿಟ್ಟ ಯಾಕ ಅಂತ ನನ್ನ ಕೇಳ್ತೀರಿ!”

ಅವಳು ತಮಾಷೆಗೆ ಹೇಳಿದ್ದಳು. ನನಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ಸಬ್‌ಟೈಟಲ್ ಬರೆಯುತ್ತ ಕುಳಿತಾಗಲೂ ಆ “ಇಡ್ತೀನಿ” ಕಿವಿಯಲ್ಲಿರುತ್ತಿತ್ತು. ಅಣ್ಣನೊಡನೆ ನನಗೆ ಮಾತು ಹೆಚ್ಚಿಲ್ಲ. ಗೆಳತಿಯರಲ್ಲಿ ಒಬ್ಬಳು ಹೋಗಿದ್ದಳು. ಅವ್ವನೂ ನನ್ನೊಡನೆ ಮಾತನಾಡುವುದನ್ನು ಬಿಟ್ಟರೆ, ನನಗೇ ಎಂದು ಮಾತನಾಡುವ ದನಿಯೊಂದೂ ಉಳಿಯುವುದಿಲ್ಲವೆಂದು ಭಯವಾಯಿತು. ಮುಂದಿನ ಕೆಲವು ಕರೆಗಳಲ್ಲಿ ಇನ್ನಷ್ಟು ಮೃದುವಾಗಿ, ಇನ್ನಷ್ಟು ವಿನಯದಿಂದ ಮಾತನಾಡಿದೆ. ಅವಳು ಇನ್ನಷ್ಟು ಬೇಗ ಫೋನು ಇಟ್ಟಳು.

ಹೀಗಿರುವಾಗ ಒಂದು ಮಧ್ಯಾಹ್ನ ಮೈಸೂರಿನವಳೂ ನಾನೂ ಎಂದಿನಂತೆ ಮಾತಿಲ್ಲದ ಕರೆಯಲ್ಲಿ ಕುಳಿತಿದ್ದೆವು. ಅವಳು ತಲೆಯೆತ್ತಿ ಏನೋ ಹೇಳಿದಳು. ಮೈಕು ತೆರೆಯಲು ಮರೆತಿದ್ದಳು. ಕೆಲಸದ ಗಡಿಬಿಡಿಯಲ್ಲಿದ್ದ ನಾನು ಅವಳ ಮುಖ ನೋಡಿ, ಊಟಕ್ಕೆ ಏಳುತ್ತೇನೆ ಎಂದಿರಬೇಕೆಂದು ಊಹಿಸಿ, ನನ್ನ ಮೈಕು ತೆರೆದು, “ಹೌದು ಹೌದು, ಆಯಿತು,” ಎಂದು ನಕ್ಕೆ. ಅವಳ ಮುಖ ಒಂದು ಕ್ಷಣ ಬೆಪ್ಪಾಯಿತು. ಆಮೇಲೆ ಮೈಕು ತೆರೆದಳು.

“ಏನೇ ಹೌದು? ಕೆಳಗಿನ ಮನೆ ಅಜ್ಜಿ ತೀರ್ಕೊಂಡ್ರು ಕಣೇ, ನಾನು ಹೋಗ್ಬೇಕು ಅಂತ ಹೇಳ್ತಿದ್ರೆ ಹಲ್ಲು ಕಿರೀತೀಯಲ್ಲ!”

ನಾನು ತಬ್ಬಿಬ್ಬಾಗಿ ಕ್ಷಮೆ ಕೇಳಿದೆ. “ಕೇಳಿಸ್ಲಿಲ್ಲ ಅನ್ನೋಕೇನು ಕಷ್ಟ?” ಎಂದು ಬೈದು ಅವಳು ಎದ್ದು ಹೋದಳು. ಅವಳ ಖಾಲಿ ಕುರ್ಚಿಯೂ ಹಳದಿ ಪರದೆಯೂ ನನ್ನೆದುರು ಉಳಿದವು. ಏನು ಕಷ್ಟ ಎಂದು ನಾನೂ ಯೋಚಿಸಿದೆ. ಕಷ್ಟವೇನೂ ಇರಲಿಲ್ಲ, ಆ ಹೊತ್ತಿಗೆ ಸಾಮಾನ್ಯವಾಗಿ ಅವಳು ಹೇಳುವುದು ಊಟದ ಮಾತು, ಆದ್ದರಿಂದ ಅದಕ್ಕೆ ತಕ್ಕ ಉತ್ತರವನ್ನು ಕೊಟ್ಟಿದ್ದೆ, ಅಷ್ಟೆ. ಈ ಯೋಚನೆ ಅಲ್ಲಿಗೇ ನಿಲ್ಲಲಿಲ್ಲ. ಬೆಳಗಾವಿಯ ಬಸ್ಸಿನಂತೆ ಅದು ತಿರುವು ದಾಟಿ ನಮ್ಮ ಮನೆಯ ಕಡೆಗೆ ಹೋಯಿತು.

ಆ ಸಂಜೆ ಅಣ್ಣನ, ವೈನಿಯ ಮಾತು ಮುಗಿದು ಅವ್ವನ ಸರದಿ ಬಂದಾಗ ನಾನು ಪದ್ಧತಿಯನ್ನು ಮುರಿದೆ. ಮೊದಲು ಮಳೆಯನ್ನು ಕೇಳಿದೆ.

“ಅವ್ವಾ, ಮಳಿ ಆತೇನು?”

“ಹೂಂ, ಆರಾಮ ಅದೀನಿ.”

“ಅವ್ವಾ, ನಾ ಮಾತಾಡಿದ್ದು ನಿನಗ ಕೇಳಸ್ತೈತೇನು?”

“ಊಟ ಆತು. ನಿಂದು?”

ನಾನು ಮೂರನೆಯದನ್ನು ಕೇಳಲೇ ಇಲ್ಲ. ಆದರೂ ಅವ್ವ, ಯಾರೂ ಕೇಳದ ಪ್ರಶ್ನೆಗೆ, “ಇಲ್ಲಪಾ, ಎಲ್ಲಿ ಮಳಿ, ಮ್ವಾಡ ಆಗಿ ಹಂಗ ಹೋಗ್ತೈತಿ. ಆತು ಹಂಗಾರ, ಇಡ್ತೀನಿ,” ಎಂದಳು.

ಮರುದಿನ ಬೆಳಿಗ್ಗೆ ಕಾತ್ರಜದಲ್ಲಿಯೇ ಬಸ್ಸು ಹಿಡಿದೆ. ಒಪ್ಪಿಕೊಂಡ ಕೆಲಸವನ್ನು ಮೈಸೂರಿನವಳು ತಾನು ಮುಗಿಸುತ್ತೇನೆಂದು ತೆಗೆದುಕೊಂಡಳು. “ಮೊದಲು ಹೋಗು, ನಿನ್ನ ವಿವರಣೆ ಎಲ್ಲ ಆಮೇಲೆ,” ಎಂದಳು. ಬೆಳಗಾವಿಯಲ್ಲಿ ಇಳಿದು, ಬೈಲಹೊಂಗಲದ ಬಸ್ಸು ಹತ್ತಿ, ಮನೆ ಮುಟ್ಟಿದಾಗ ಗಿರಣಿ ಭರದಿಂದ ಓಡುತ್ತಿತ್ತು.

ಒಳಗೆ ಹಿಟ್ಟಿನ ಮಂಜು ಕವಿದಿತ್ತು. ಅಣ್ಣ ತೂಕದ ಬಳಿ ನಿಂತಿದ್ದ. ಗಿರಾಕಿ ಹೆಂಗಸೊಬ್ಬಳು ಡಬ್ಬಿ ಮುಂದಿಟ್ಟು ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ ತೋರಿಸಿದಳು: ನುಣ್ಣಗೆ ಬೇಕು ಎಂದರ್ಥ. ಅವ್ವ ತಲೆಯಾಡಿಸಿ ಬೀಸುವ ಕಲ್ಲನ್ನು ಬಿಗಿಮಾಡಿದಳು. ಇನ್ನೊಬ್ಬಳು ಮುಷ್ಟಿ ತೋರಿಸಿದಳು, ಅಂದರೆ ತರಿತರಿಯಾಗಿ. ಅಂಗೈ ಮೇಲೆತ್ತಿದರೆ ನಿಲ್ಲಿಸು. ಗಿರಣಿ ಓಡುವಾಗ ಅಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ, ತೆರೆದರೂ ಉಪಯೋಗವಿಲ್ಲ. ಬಾಲ್ಯದಲ್ಲಿ ದಿನವೂ ನೋಡಿದ ದೃಶ್ಯ. ಆದರೆ ಅಂದು ಬಾಗಿಲಲ್ಲಿ ನಿಂತು ನೋಡಿದಾಗ ನನಗೆ ಹೊಳೆಯಿತು: ಊರಿನಲ್ಲಿ ಇಷ್ಟು ಜನರೊಡನೆ ದಿನವಿಡೀ ವ್ಯವಹರಿಸುವ ಹೆಂಗಸಿಗೆ ಕಿವಿ ಕೇಳಿಸುವುದಿಲ್ಲವೆಂದು ಯಾರಿಗಾದರೂ ಹೇಗೆ ಗೊತ್ತಾಗಬೇಕು?

ಅವ್ವ ನನ್ನನ್ನು ಕಂಡಳು. ಓಡಿ ಬರಲಿಲ್ಲ, ಕಾಳು ಇನ್ನೂ ಬೀಳುತ್ತಿತ್ತು. ನಿಂತಲ್ಲಿಂದಲೇ ಐದೂ ಬೆರಳುಗಳನ್ನು ಕೂಡಿಸಿ ಬಾಯಿಯತ್ತ ತಂದು ಹುಬ್ಬೇರಿಸಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಹೆಬ್ಬೆರಳಿನಿಂದ ತೋರುಬೆರಳನ್ನು ಉಜ್ಜಿ, ನನ್ನ ಕಡೆಗೇ ತೋರಿಸಿ ನಕ್ಕಳು. ಇಷ್ಟು ಸಣ್ಣಗಾಗಿದ್ದೀಯಲ್ಲ, ಯಾವ ಗಿರಣಿಗೆ ಹಾಕಿದ್ದರು ನಿನ್ನ ಎಂಬಂತೆ. ಗಿರಾಕಿ ಹೆಂಗಸರೂ ನನ್ನನ್ನು ನೋಡಿ ನಕ್ಕರು. ನಾನು ಮುಷ್ಟಿ ತೋರಿಸಿ, ಇಲ್ಲ, ಇನ್ನೂ ತರಿಯಾಗಿಯೇ ಇದ್ದೇನೆ ಎಂದೆ. ಅವ್ವನ ನಗು ಹೆಚ್ಚಾಯಿತು. ಆ ವರ್ಷವೆಲ್ಲ ನಾವಿಬ್ಬರೂ ಆಡಿದ ಮಾತುಗಳಲ್ಲಿ ಅತಿ ದೀರ್ಘವಾದದ್ದು ಅದೇ ಇರಬೇಕು.

ಗಿರಣಿ ನಿಂತ ಮೇಲೆ ನಾನು ಅಣ್ಣನಿಗೆ ವಿಷಯ ಹೇಳಿದೆ. ಅವನು ಒಪ್ಪಲಿಲ್ಲ.

“ಏ ಹೋಗ ತಂಗಿ, ಅವ್ವಗ ಕಿವಿ ಕೇಳಂಗಿಲ್ಲ? ಮುಂಜಾನೆ ಸಣ್ಣ ಹಾಕು ಅಂದೆ, ಹಾಕಿದ್ಲಲ್ಲ!”

“ಬಾಯಿಲೆ ಅಂದ್ರೋ, ಕೈಲೆ ಅಂದ್ರೋ?” ಎಂದು ವೈನಿ ಕೇಳಿದಳು.

ಅಣ್ಣ ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. “ಎರಡೂಲೆ ಅಂದಿರಬೇಕು,” ಎಂದ. ಆಮೇಲೆ ಅವ್ವನ ಬೆನ್ನ ಹಿಂದೆ ನಿಂತು, ಅವನ ಮಟ್ಟಿಗೆ ಮೆಲ್ಲಗೆ, “ಅವ್ವಾ,” ಎಂದು ಕರೆದ. ಅವಳು ಸೆರಗಿನ ಹಿಟ್ಟು ಕೊಡವುತ್ತಲೇ ಇದ್ದಳು. ಅವನು ಮತ್ತೆ ಕರೆಯಲಿಲ್ಲ. ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟ.

ಹಿತ್ತಲಿನಲ್ಲಿ ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಪುಣೆಯಲ್ಲಿ ಕಲಿತ ದನಿಯನ್ನೆಲ್ಲ ಬದಿಗಿಟ್ಟು ಕೂಗಿ ಕೇಳಿದೆ: “ಯಾಕ ಹೇಳಲಿಲ್ಲ ಅವ್ವಾ?”

ಅವಳು ಪಕ್ಕದ ಮನೆಯ ಗೋಡೆಯತ್ತ ನೋಡಿ, “ಏ, ಹಳೂಕ. ಮಂದಿ ಕೇಳ್ತಾರ,” ಎಂದಳು. ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು.

“ಹೇಳಿದ್ರ ಏನ ಮಾಡ್ತೀರಿ? ಗಿರಣ್ಯಾಗ ನಿಂದ್ರಬ್ಯಾಡ ಅಂತೀರಿ. ಒಳಗ ಕುಂತು ನಾ ಏನ ಮಾಡ್ಲಿ? ಅಲ್ಲಿ ಆದ್ರ ಮಂದಿ ಬರ್ತಾರ, ಹೋಗ್ತಾರ. ಅಲ್ಲಿ ಯಾರಿಗೂ ಏನೂ ಕೇಳಂಗಿಲ್ಲ. ನನಗೊಬ್ಬಾಕಿಗೇ ಅಲ್ಲ.”

“ಆತು, ಅಣ್ಣಗ ಹೇಳಬ್ಯಾಡ. ನನಗರೆ ಹೇಳಬೇಕಿಲ್ಲೊ? ಫೋನ್‌ನ್ಯಾಗ ಜೋರ ಮಾತಾಡು ಅನ್ನಬೇಕಿಲ್ಲೊ?”

ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು. “ನಿಮ್ಮಣ್ಣಂದು ಒಂದೀಟು ತಿಳೀತೈತಿ, ಒದರ್ತಾನ. ನೀ ಕಲತಾಕಿ. ಭಾಳ ನಾಜೂಕ ಮಾತಾಡ್ತಿ. ಓಣ್ಯಾಗೆಲ್ಲಾ ಹೇಳ್ಕೋತ ಅಡ್ಡಾಡೀನಿ ನಾ, ನನ್ನ ಮಗಳು ಹೆಂಗ ಮಾತಾಡ್ತಾಳ ನೋಡ್ರಿ ಅಂತ. ಅಂಥಾಕಿಗೆ ಗಿರಣಿ ಮಂದಿ ಹಂಗ ಒದರು ಅಂತ ಹೆಂಗ ಹೇಳ್ಲಿ?”

ಆ ಮಾತಿಗೆ ಸರಿಯಾದ ವಾಕ್ಯವೊಂದು ಆಗಲೂ ಸಿಗಲಿಲ್ಲ, ಇದನ್ನು ಬರೆಯುತ್ತಿರುವ ಈಗಲೂ ಸಿಕ್ಕಿಲ್ಲ. ಅವಳ ತಲೆಗೂದಲಿನಲ್ಲಿ ಉಳಿದಿದ್ದ ಹಿಟ್ಟನ್ನು ಕೈಯಿಂದ ಕೊಡವಿದೆ. ನೆರೆತ ಕೂದಲು ಯಾವುದು, ಹಿಟ್ಟು ಹತ್ತಿದ್ದು ಯಾವುದು ಎಂದು ತಿಳಿಯದೆ ಸುಮಾರು ಹೊತ್ತು ಕೊಡವುತ್ತಲೇ ಇದ್ದೆ.

ಬೆಳಗಾವಿಯಲ್ಲಿ ಕಿವಿಯ ವೈದ್ಯರು ಅವ್ವನನ್ನು ಪರೀಕ್ಷಿಸಿದರು. ಬಹುಕಾಲದ ಸದ್ದಿನಿಂದ ಆದದ್ದು, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು, ಕಿವಿಗೆ ಮಷೀನು ಹಾಕಿದರೆ ನಿಶ್ಶಬ್ದದ ಕೋಣೆಯಲ್ಲಿ ಎದುರಿನವರ ಮಾತು ತಕ್ಕಮಟ್ಟಿಗೆ ತಿಳಿಯುತ್ತದೆ ಎಂದರು. ಗದ್ದಲದಲ್ಲಿ ಅದರಿಂದ ಪ್ರಯೋಜನವಿಲ್ಲವೆಂದೂ ಸ್ಪಷ್ಟವಾಗಿಯೇ ಹೇಳಿದರು. ಅವ್ವ ಅವರ ತುಟಿಗಳನ್ನು ನೋಡುತ್ತ ಎಲ್ಲದಕ್ಕೂ ಹೂಂ ಎಂದಳು. ಹೊರಗೆ ಬಂದ ಮೇಲೆ, “ಏನಂದ್ರು?” ಎಂದು ನನ್ನನ್ನು ಕೇಳಿದಳು. ಹಾಗೆ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಬಸ್ ನಿಲ್ದಾಣದ ಗಲಾಟೆಯಲ್ಲಿ, ಜನರು ತಿರುಗಿ ನೋಡುತ್ತಿದ್ದರೂ, ನಾನು ಕೂಗಿ ಕೂಗಿ ಎಲ್ಲವನ್ನೂ ಹೇಳಿದೆ.

ನಾನು ಪುಣೆಗೆ ಮರಳಿದೆ. ಅವ್ವನನ್ನು ಕರೆದೆ, ಅವಳು ಬರಲಿಲ್ಲ. ಬರುವಳೆಂದು ನಾನೂ ನಿಜವಾಗಿ ನಂಬಿರಲಿಲ್ಲ. ಕಾತ್ರಜದ ಕೋಣೆಯಲ್ಲಿ ಅವಳಿಗೆ ಕೈ ತೋರಿಸಿ ಮಾತನಾಡಲು ಯಾರಿದ್ದಾರೆ? ನನಗೇ ಇಲ್ಲ. ಮೈಸೂರಿನವಳೊಡನೆ ಮಾತಿಲ್ಲದ ಕರೆ ಮುಂದುವರಿದಿದೆ. ಕೆಲವು ದಿನ ಅವಳೂ ಬರುವುದಿಲ್ಲ. ಆಗ ಪರದೆಯ ಮೇಲೆ ನನ್ನ ಮುಖವೊಂದೇ ದೊಡ್ಡದಾಗಿ ಕಾಣುತ್ತದೆ, ನಾನು ಅದನ್ನು ಮುಚ್ಚಿ ಕೆಲಸ ಮಾಡುತ್ತೇನೆ.

ಮನೆಯವರ ಮಟ್ಟಿಗೆ ಆದ ಬದಲಾವಣೆಗಳು ಇವು. ಅವ್ವ ಈಗ ಬೆಳಗಿನ ಹೊತ್ತು ಮಾತ್ರ, ಸದ್ದು ತಡೆಯುವ ಬಿರಡೆಯಿಂದ ಕಿವಿ ಮುಚ್ಚಿಕೊಂಡು, ಗಿರಣಿಯಲ್ಲಿ ನಿಲ್ಲುತ್ತಾಳೆ. ಮಧ್ಯಾಹ್ನದ ನಂತರ ಕಲ್ಲಿನ ಬಳಿ ನಿಲ್ಲುವವಳು ವೈನಿ. ಮನೆಗೆ ಇನ್ನೊಂದು ಫೋನು ಬಂದಿದೆ, ಅದು ಒಳಗಿನ ಕೋಣೆಯಲ್ಲಿರುತ್ತದೆ. ಸಂಜೆ ಅವ್ವ ಮಷೀನು ಹಾಕಿಕೊಂಡು ವೀಡಿಯೊದಲ್ಲಿ ಬರುತ್ತಾಳೆ, ನಾನು ನಮ್ಮೂರಿನ ಮಾತಿನಲ್ಲಿ, ನಮ್ಮ ಮನೆಯ ದನಿಯಲ್ಲಿ ಮಾತನಾಡುತ್ತೇನೆ, ಅದರಲ್ಲಿ ಅರ್ಧದಷ್ಟು ಅವಳಿಗೆ ತಿಳಿಯುತ್ತದೆ. ಅಣ್ಣನ ಕಿವಿಯನ್ನೂ ವೈದ್ಯರಿಗೆ ತೋರಿಸಿದೆವು. ಅವನ ಎಡಗಿವಿ ಆಗಲೇ ಮಂದವಾಗಿತ್ತು. ಈಗ ಅವನೂ ಕಿವಿ ಮುಚ್ಚಿಕೊಂಡೇ ಗಿರಣಿ ನಡೆಸುತ್ತಾನೆ.